ಮುಖ ನೋಡದೆ ಮಾತಾಡುವ ಟೀಚರು

ನಮ್ಮದು ಹೊಳೆನರಸೀಪುರದ ಹಳೆಯ ಮನೆತನ. ಮುತ್ತಜ್ಜ ದೇವಸ್ಥಾನದ ಪಾರುಪತ್ತೇಗಾರರು, ಅಜ್ಜ ಹೆಡ್‌ಮಾಸ್ಟರು, ತಂದೆ ಶಿರಸ್ತೇದಾರರು. ಮೂರು ತಲೆಮಾರಿನಲ್ಲಿ ನಮ್ಮ ಮೇಲೆ ಒಂದು ಮೂಗರ್ಜಿ ಕೂಡ ಹೋದದ್ದಿಲ್ಲ. ಮಾತಾಡುವಾಗ ಎದುರಿನವರ ಮುಖ ನೋಡಬೇಕೆಂಬುದು ಕಾನ್ವೆಂಟಿನಲ್ಲಿ ನಾನು ಕಲಿತ ಮೊದಲ ಶಿಸ್ತು. ಹಾಸನದಲ್ಲಿ ದೃಷ್ಟಿ ಮಂದವಾದವರಿಗೆ ತರಬೇತಿ ಕೊಡುವ ಕೇಂದ್ರದಲ್ಲಿ ಮೇಟ್ರನ್ ಆದ ಮೇಲೆ ನಾನು ಜನಕ್ಕೆ ಕಲಿಸಬೇಕಾಗಿ ಬಂದದ್ದು ಮುಖ ನೋಡಬೇಡಿ ಎಂದು. ಇನ್ನು ಎಡವಟ್ಟು ನಡೆಯದೆ ಇರುತ್ತದೆಯೇ? ತೊಂಬತ್ತರ ದಶಕದ ಕೊನೆಗೆ ಬಂದ ಒಬ್ಬ ಟೀಚರಿಂದಲೇ ನಾಲ್ಕು ನಡೆದವು.

ಬೊಟ್ಟು

ಆಕೆ ಮಲ್ಲಿಪಟ್ಟಣದ ಕಡೆಯ ಪ್ರೈಮರಿ ಶಾಲೆಯವರು. ತಾಯಿಯಿಂದ ಬಂದ ಕಾಯಿಲೆ. ಕಣ್ಣಿನ ಪರದೆಯ ನಡುಭಾಗ ಸವೆದು, ನೇರ ನೋಡಿದ ಜಾಗವೇ ಮಸುಕು. ಅಂಚಿನ ನೋಟ ಮಾತ್ರ ಸರಿ. ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬಂದು ಪರೀಕ್ಷಿಸಿ, ಪಾಠ ಮಾಡಲಾರರು ಎಂದು ಬರೆದರೆ ಆಕೆಯನ್ನು ತರಗತಿಯಿಂದ ತೆಗೆಯುವವರಿದ್ದರು.

"ಮುಖ ನೋಡಿ ಮಾತಾಡಿ" ಎಂದೆ, ಅಭ್ಯಾಸಬಲದಿಂದ.

"ನೋಡಿದ್ರೆ ನೀವೇ ಇರಲ್ಲ ಮೇಡಂ."

"ಹಾಗಾದರೆ ಕಿವಿ ನೋಡಿ."

ಆಕೆ ಕಣ್ಣನ್ನು ನನ್ನ ಕಿವಿಯ ಕಡೆ ಹೊರಳಿಸಿದರು. "ಈಗ ಕಂಡ್ರಿ. ಬೊಟ್ಟು ಓರೆ ಆಗಿದೆ."

ಬೆಳಗಿನಿಂದ ಮೂವರು ಡಾಕ್ಟರು, ಎಂಟು ನರ್ಸುಗಳು ನನ್ನ ಮುಖವನ್ನು ನೇರವಾಗಿಯೇ ನೋಡಿದ್ದರು. ಒಬ್ಬರಿಗೂ ಕಂಡಿರಲಿಲ್ಲ.

ದುರ್ಬೀನು

ದೂರದ ಬೋರ್ಡು ಓದಲು ಹೆಬ್ಬೆರಳಷ್ಟು ಉದ್ದದ ದುರ್ಬೀನು ಕೊಟ್ಟಿದ್ದೆವು. ಅಭ್ಯಾಸಕ್ಕೆಂದು ಚನ್ನರಾಯಪಟ್ಟಣದ ಬಸ್ ನಿಲ್ದಾಣಕ್ಕೆ ಕರೆದೊಯ್ದೆ. ಆಕೆ ಅದನ್ನೆತ್ತಿ ಒಂದು ಖಾಸಗಿ ಬಸ್ಸಿನ ಬೋರ್ಡಿನ ಕಡೆ ಹಿಡಿದದ್ದೇ ತಡ, ಕಂಡಕ್ಟರ್ ಟೀ ಲೋಟ ಬಿಟ್ಟು ಓಡಿಬಂದ.

"ಚೆಕಿಂಗ್‌ನೋರು ಬಂದವ್ರೆ ಕಣ್ಲಾ, ಎತ್ಲಾ ಗಾಡಿಯ" ಎಂದು ಡ್ರೈವರಿಗೆ ಕೂಗಿದ.

ಆ ಬಸ್ಸು ಹೇಳಿದ ಹೊತ್ತಿಗೆ ಹೊರಟದ್ದು ಅಂದೊಂದೇ ದಿನವಂತೆ. ನಾವು ಹತ್ತಬೇಕಾಗಿದ್ದದ್ದೂ ಅದನ್ನೇ.

ಗೋಡೆ

ಆಕೆಯ ತರಗತಿ ನೋಡಲು ಹೋದೆ. ಟೀಚರು ಗೋಡೆಯ ನಕ್ಷೆ ದಿಟ್ಟಿಸುತ್ತಾ, "ಮೂರನೇ ಸಾಲು, ಹುಣಸೆಹಣ್ಣು ಉಗುಳು" ಎಂದರು. ಸಾಲಿನ ಹುಡುಗ ಉಗುಳಿದ.

ಮುಂದೆ ಕೂತಿದ್ದ ಹುಡುಗಿ ನನಗೆ ಪಿಸುಗುಟ್ಟಿದಳು: "ಮಿಸ್ಸು ನಮ್ಮುನ್ನೇ ನೋಡ್ತಿದ್ರೆ ಏನ್ ಬೇಕಾದ್ರೂ ಮಾಡ್ಬೋದು ಮೇಡಂ. ಗ್ವಾಡೆ ನೋಡುದ್ರೆ ಮಾತ್ರ ಉಸ್ರು ಬುಡಂಗಿಲ್ಲ."

ಪರೀಕ್ಷೆ

ಅಧಿಕಾರಿ ಬಂದರು. ನಾನೂ ತರಬೇತಿಯ ಕಾಗದ ಹಿಡಿದು ಹೋಗಿದ್ದೆ. ಟೀಚರು ದಪ್ಪಕ್ಷರದ ಪಾಠವನ್ನು ಭೂತಗನ್ನಡಿಯಲ್ಲಿ ತಡವರಿಸದೆ ಓದಿದರು. ಪ್ರಶ್ನೆಗಳಿಗೆ ಅಧಿಕಾರಿಯ ತಲೆಯ ಮೇಲಿನ ಜಂತೆ ನೋಡುತ್ತಾ ಉತ್ತರಿಸಿದರು.

"ನಾನು ಇಲ್ಲಿ ಕೂತಿದ್ದೀನಮ್ಮ. ಅಲ್ಲಿ ಯಾರಿದ್ದಾರೆ?"

"ನಿಮ್ಮನ್ನೇ ನೋಡ್ತಿದ್ದೀನಿ ಸಾರ್."

ಅಧಿಕಾರಿಗೆ ರೇಗಿತು. ಒಂದನೇ ತರಗತಿಯ ಪುಸ್ತಕ ತೆಗೆದು ದೊಡ್ಡ ಚಿತ್ರವೊಂದನ್ನು ಎತ್ತಿ ಹಿಡಿದರು. "ಇದೇನು ಹೇಳಿ."

"ಆನೆ ಸಾರ್."

"ಏನು ಮಾಡ್ತಿದೆ?"

"ಕಾಲು ಮೇಲೆ ಮಾಡ್ಕೊಂಡಿದೆ ಸಾರ್."

"ಗೇಲಿ ಮಾಡ್ತೀರೇನ್ರಿ? ನಿಂತಿರೋ ಆನೆ ಇದು."

ಮಕ್ಕಳು ಬಾಯಿಗೆ ಸ್ಲೇಟು ಅಡ್ಡ ಹಿಡಿದರು. ನಾನು, "ತಾವು ಕನ್ನಡಕ ಹಾಕಿಕೊಂಡರೆ ಒಳ್ಳೆಯದು" ಎಂದೆ. ಅದು ಜೀಪಿನಲ್ಲಿತ್ತು. ತರಿಸಿ, ಹಾಕಿಕೊಂಡು, ಚಿತ್ರ ನೋಡಿ, ಪುಸ್ತಕವನ್ನು ಸದ್ದಿಲ್ಲದೆ ತಿರುಗಿಸಿ ಹಿಡಿದರು.

ಆಮೇಲೆ ಬರೆದರು: "ಶಿಕ್ಷಕಿಗೆ ಪಾಠ ಮಾಡುವಷ್ಟು ದೃಷ್ಟಿಯಿದೆ, ಮುಂದುವರಿಯಬಹುದು. ವಿನಯವಿಲ್ಲ, ಅಧಿಕಾರಿಯ ಮುಖ ನೋಡುವುದಿಲ್ಲ."

ಟೀಚರು ಇಂದಿಗೂ ಅದೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾರೆ. ಅಧಿಕಾರಿ ನಿವೃತ್ತರಾಗಿ ಹಾಸನದಲ್ಲಿದ್ದಾರೆಂದು ಕೇಳಿದ್ದೇನೆ. ಅವರ ಎರಡನೆಯ ವಾಕ್ಯ ಸುಳ್ಳು. ಅದಕ್ಕೆ ಅವರು ಆಕೆಯ ಕ್ಷಮೆ ಕೇಳಬೇಕು. ಬರಹದಲ್ಲಿ.