ಕಾಕಾನ ಅನುಮಾನಕ್ಕೆ ಎರಡು ದಿನದ ರಜೆ

ಸೂರ್ಯ ಕೈಗೆ ನಿಲುಕುವ ಎತ್ತರದಲ್ಲಿದ್ದಿದ್ದರೆ ನಮ್ಮ ಕಾಕಾ ಅವನಿಗೂ ಒಮ್ಮೆ ಟೆಸ್ಟರ್ ತಾಗಿಸಿ ನೋಡಿ, ಆಮೇಲೆಯೇ "ಹ್ಞಾಂ, ಬೆಳಗಾಗ್ಯದ" ಎಂದು ಒಪ್ಪಿಕೊಳ್ಳುತ್ತಿದ್ದರು. ನಿಲುಕದೆ ಇರುವುದರಿಂದ ಬೆಳಗಾಗುವ ವಿಷಯದಲ್ಲಿ ಅವರಿಗೆ ಇವತ್ತಿಗೂ ಪೂರ್ತಿ ಖಾತ್ರಿಯಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಊರು ಘಾಟಬೋರಾಳ. ಮೂವತ್ತು ವರ್ಷಕ್ಕೂ ಮಿಕ್ಕಿ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದವರು. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಅಂಗಿಯ ಜೇಬಿನಲ್ಲಿ ಇವರು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಾರೆ. ಅದೇ, ಕರೆಂಟು ತಾಗಿದರೆ ಹಿಡಿಯೊಳಗಿನ ಪುಟ್ಟ ದೀಪ ಹೊತ್ತುವ ಸ್ಕ್ರೂಡ್ರೈವರು. ನಿವೃತ್ತಿಯಾದ ಮೇಲೆ ಕಂಬಗಳು ಕೈಬಿಟ್ಟವು, ಅನುಮಾನ ಕೈಬಿಡಲಿಲ್ಲ. ಗೇಟು, ಫ್ರಿಜ್ಜು, ಕಬ್ಬಿನ ಹಾಲಿನ ಗಾಡಿ, ಬಸ್ಸಿನ ಕಂಬಿ, ಯಾವುದನ್ನೇ ಆದರೂ ಮೊದಲು ಟೆಸ್ಟರ್ ಮುಟ್ಟಬೇಕು, ಆಮೇಲೆ ಕಾಕಾ.

"ಯಾಕ್ರಿ ಕಾಕಾ ಹಿಂಗ?" ಎಂದು ಒಮ್ಮೆ ಕೇಳಿದ್ದೆ.

"'ಲೈನ್ ಬಂದ್ ಅದ, ಹತ್ತು' ಅಂತ ಕೆಳಗ ನಿಂತವ ಹೇಳ್ತಾನ. ಹತ್ತಾಂವ ನಾ. ಅವನ ಮಾತು ನಂಬಿದ್ರ ನನ್ನ ಪಿಂಚಣಿ ನಿಮ್ಮ ಕಾಕಿ ತಗೋತಿದ್ಲು."

ಇದು ಒಪ್ಪುವ ಮಾತೇ. ಆದರೆ ಹುಮನಾಬಾದಿನಲ್ಲಿ ನಮ್ಮಕ್ಕನ ಮದುವೆಯ ದಿನ ವೇದಿಕೆಯ ತುಂಬ ದೀಪದ ಸೀರಿಯಲ್ ಸೆಟ್ ಹಾಕಿದ್ದರು ನೋಡಿ, ಕಾಕಾ ಮದುಮಗ ಕುಳಿತ ಕಬ್ಬಿಣದ ಕುರ್ಚಿಗೆ ಟೆಸ್ಟರ್ ಇಟ್ಟರು, ಆಮೇಲೆ ಅವನ ಬೆರಳಿನ ಉಂಗುರಕ್ಕೂ ಇಟ್ಟರು. ಬೀಗರು ಎದ್ದು ಬಂದರು.

"ಇದೇನ್ ಮಾಡಾಕತ್ತೀರಿ?"

"ನಿಮ್ಮ ಹುಡುಗನ್ಯಾಗ ಕರೆಂಟ್ ಅದ ಏನು ನೋಡಾಕತ್ತೇನ್ರಿ."

"ಅದ ಏನು ಮತ್ತ?"

"ಇಲ್ರಿ. ಏನೂ ಇಲ್ಲ."

ಇವತ್ತಿಗೂ ನಮ್ಮ ಭಾವ ರವಿವಾರ ಮಲಗಿದಲ್ಲಿಂದ ಏಳದಿದ್ದರೆ ಅಕ್ಕ ಕಾಕಾನ ಆ ತೀರ್ಪನ್ನೇ ಎತ್ತಿ ಹೇಳುತ್ತಾಳೆ.

ಅನುಮಾನ ಕರೆಂಟಿಗಷ್ಟೇ ನಿಂತಿದ್ದರೆ ನಾವು ಸಹಿಸುತ್ತಿದ್ದೆವು. ನಮ್ಮ ಮನೆದೇವರು ತುಳಜಾಪುರದ ಅಂಬಾಭವಾನಿ. ವರ್ಷಕ್ಕೊಮ್ಮೆ ಇಡೀ ಬಳಗ ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಹೋಗುತ್ತೇವೆ. ಮೂರು ವರ್ಷದ ಹಿಂದೆ ನಳದುರ್ಗ ದಾಟಿದ ಮೇಲೆ ಕಾಕಾ "ಹಿಂದಿನ ಗಾಲಿ ಬ್ಯಾರೇನೇ ಮಾತಾಡಾಕತ್ತದ" ಎಂದು ಗಾಡಿ ನಿಲ್ಲಿಸಿ, ಹನ್ನೆರಡೂ ಮಂದಿಯನ್ನು ಬಿಸಿಲಿಗಿಳಿಸಿ, ತಾವು ಗಾಡಿಯ ಕೆಳಗೆ ತೂರಿಕೊಂಡರು. ಅರ್ಧ ತಾಸು ಅವರ ಪಾದಗಳು ಮಾತ್ರ ಕಾಣುತ್ತಿದ್ದವು. ಡ್ರೈವರ್ ಚಾವಿಯನ್ನು ಅಪ್ಪನ ಕೈಗೆ ಕೊಟ್ಟು, "ಈ ಚಾಚಾನೇ ಗಾಡಿ ಹೊಡೀಲಿ, ನಾ ಹಿಂದ ಕುಂದರ್ತೀನಿ" ಎಂದು ಹೋಗಿ ಕೂತ. ಗಾಲಿಗೆ ಏನೂ ಆಗಿರಲಿಲ್ಲ. ಊರಿಗೆ ಮರಳಿ ಬಂದವರೇ ಅಪ್ಪ ತೀರ್ಮಾನ ಮಾಡಿದರು. ಇನ್ನು ಮುಂದೆ ಇವನಿಗೆ ಕ್ರೂಸರಿನಲ್ಲಿ ಸೀಟಿಲ್ಲ.

ಎರಡು ವರ್ಷ ಹಾಗೇ ನಡೆಯಿತು. ಕಾಕಿ ಬರುತ್ತಿದ್ದರು, ಅವರಿಗೆ ವರ್ಷಕ್ಕೊಂದು ದಿನದ ವಿಶ್ರಾಂತಿ. ಕಾಕಾ ಊರ ಅಗಸಿ ಬಾಗಿಲವರೆಗೆ ಬಂದು, ಶೇಂಗಾ ಹೋಳಿಗೆಯ ಗಂಟು ಕೊಟ್ಟು, ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಏನನ್ನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, ಕೈ ಎತ್ತುತ್ತಿದ್ದರು. ನಾವು ಒಳಗೆ ಕೂತು ನಗುತ್ತಿದ್ದೆವು.

ಈ ಸಲ ಬೇಸಿಗೆಯಲ್ಲಿ ನನ್ನ ಹಾಸ್ಟೆಲ್ ಗೆಳತಿ ಮೈಸೂರಿನಿಂದ ಬಂದಳು. ಅವಳ ಕೈಯಲ್ಲೊಂದು ಪಟ್ಟಿ. ಹುಮನಾಬಾದ್ ಮತ್ತು ಬಸವಕಲ್ಯಾಣದಲ್ಲಿ ಏನು ನೋಡುವುದು, ಎಲ್ಲಿ ಉಣ್ಣುವುದು, ಏನು ಕೊಳ್ಳುವುದು, ಎಲ್ಲಿ ಇಳಿದುಕೊಳ್ಳುವುದು ಎಂದು ನಾಲ್ಕು ಮನೆ ಹಾಕಿ ಬರೆದಿದ್ದಳು. ಜೊತೆಗೆ ಒಬ್ಬ ಹಿರಿಯರಿರಲಿ ಎಂದು ಅಮ್ಮ ಕಾಕಾನ ಹೆಸರು ಹೇಳಿದಳು. ಈ ಎರಡು ತಾಲೂಕಿನಲ್ಲಿ ದಾರಿ ಗೊತ್ತಿಲ್ಲದಿದ್ದರೆ ಕಂಬಗಳನ್ನು ನೋಡಿಯಾದರೂ ಊರು ಹೇಳಬಲ್ಲವರು ಅವರೊಬ್ಬರೇ.

ಅಪ್ಪ ಕಾಕಾನನ್ನು ಕೂರಿಸಿಕೊಂಡು ಹೇಳಿದರು, "ನೋಡು, ಎರಡು ದಿನ. ಅನುಮಾನದ ಒಂದು ಮಾತೂ ಬಾಯಿಂದ ಬರಬಾರ್ದು. ಬರಲಿಲ್ಲಂದ್ರ ತುಳಜಾಪುರಕ್ಕ ನಿನ್ನ ಸೀಟ್ ನಿನಗ. ಬಂತಂದ್ರ ಇನ್ನ ಕೇಳಬ್ಯಾಡ. ಸಾಕ್ಷಿ ನನ್ನ ಮಗಳು."

"ಆತು," ಎಂದರು ಕಾಕಾ.

"ಟೆಸ್ಟರ್ ಸೈತ ಕೊಡ್ರಿ," ಎಂದೆ ನಾನು. ಇದು ಅಪ್ಪನ ಷರತ್ತಲ್ಲ, ನನ್ನದು. ಗೆಳತಿಯ ಮುಂದೆ ಅವಮಾನವಾಗಬಾರದು ಎಂದು.

ಕಾಕಾ ಟೆಸ್ಟರನ್ನು ಜೇಬಿನಿಂದ ತೆಗೆದು, ಧೋತರದ ಚುಂಗಿನಿಂದ ಒರೆಸಿ ಕೊಟ್ಟರು.

"ಎಲ್ಲಿ ಇಡ್ತಿ?"

"ಬ್ಯಾಗಿನ್ಯಾಗ."

"ಯಾವ ಖಾನೇದಾಗ?"

"ಕಾಕಾ, ಸುರು ಆತು ನೋಡ್ರಿ."

ಅವರು ಬಾಯಿ ಮುಚ್ಚಿಕೊಂಡರು.

ಮೊದಲ ದಿನ ಹುಮನಾಬಾದಿನಲ್ಲಿ ವೀರಭದ್ರನ ದರ್ಶನ ಮುಗಿಸಿ ಒಂದು ಖಾನಾವಳಿಗೆ ಹೋದೆವು. ಮಾಲೀಕ ಪುಂಡಿಪಲ್ಯ ಬಡಿಸುತ್ತ, "ಈಗ ಮಾಡಿದ್ದು ನೋಡ್ರಿ, ಬಿಸಿ ಬಿಸಿ" ಎಂದ. ನಾನು ಕಾಕಾನ ಮುಖ ನೋಡಿದೆ. ಅವರ ಗಂಟಲಿನಲ್ಲಿ ಒಂದು ಮಾತು ಮೇಲೆ ಬಂದು ಕೆಳಗೆ ಹೋಗಿದ್ದು ಕಣ್ಣಿಗೆ ಕಾಣಿಸಿತು. ಆಮೇಲೆ ಬಹಳ ಮೃದುವಾಗಿ, "ಹೌದ್ರಿ. ಈಗ ಮಾಡಿದ್ದು. ನೊಣಕ್ಕ ಸೈತ ಇನ್ನ ಸುದ್ದಿ ಮುಟ್ಟಿಲ್ಲ" ಎಂದರು.

ನೋಡಿದಿರಾ ಜಾಣತನ? ಅನುಮಾನ ಆಡಬಾರದು ತಾನೆ, ಹೊಗಳಬಾರದು ಎಂದು ಯಾರು ಹೇಳಿದ್ದಾರೆ? ಅಲ್ಲಿಂದ ಮುಂದೆ ಕಾಕಾ ಸಿಕ್ಕಿದ್ದನ್ನೆಲ್ಲ ಹೊಗಳುತ್ತ ಹೊರಟರು. ಜಲಸಂಗ್ವಿಯ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪವಿದೆ. ಅವಳು ಬರೆಯುತ್ತಿರುವುದು ಚಾಲುಕ್ಯ ಅರಸನ ಹೊಗಳಿಕೆ ಎಂದು ಗೆಳತಿ ಪಟ್ಟಿ ನೋಡಿ ವಿವರಿಸಿದಳು. ಕಾಕಾ ಸುಂದರಿಯನ್ನು ಬಹಳ ಹೊತ್ತು ನೋಡಿ, "ಭಾಳ ಚಂದ ಬರದಾಳ. ರಾಜಾ ಹಿಂದ ನಿಂತು ನೋಡಾಕತ್ತಿದ್ದ ಕಾಣ್ತದ" ಎಂದರು. ಗೆಳತಿ ಅದನ್ನು ಪಟ್ಟಿಯ ಬದಿಗೆ ಬರೆದುಕೊಂಡಳು.

ಸಂಜೆ ಬಸವಕಲ್ಯಾಣದ ಪೇಟೆ. ಸೀರೆಯಂಗಡಿಯವನು ಬಣ್ಣ ಹೋಗುವುದಿಲ್ಲ ಎಂದು ಮೂರು ಸಲ ಹೇಳಿದ. ಕಾಕಾ, "ಹೋಗೂದಿಲ್ರಿ. ನೀವು ಇಷ್ಟು ಸಲ ಹೇಳಾಕತ್ತೀರಿ ಅಂದಮ್ಯಾಲ ಅದು ಹ್ಯಾಂಗ ಹೋಗ್ತದ?" ಎಂದರು. ಅಂಗಡಿಯವನು ಆ ಸೀರೆಯನ್ನು ಮಡಚಿ ಒಳಗಿಟ್ಟು, ಬೇರೆಯದನ್ನು ತಂದ. ಗೆಳತಿಗೆ ಅದೇ ಹಿಡಿಸಿತು.

ಮರುದಿನ ಬೆಳಿಗ್ಗೆ ಕೋಟೆ. ಕಾಕಾ ಎಲ್ಲರಿಗಿಂತ ಮುಂದೆ, ಒಂದೊಂದು ಮೆಟ್ಟಿಲನ್ನೂ ಹಿಮ್ಮಡಿಯಿಂದ ಗುದ್ದಿ ಗುದ್ದಿ ಹತ್ತುತ್ತಿದ್ದರು. "ಅಂಕಲ್‌ಗೆ ಈ ವಯಸ್ಸಲ್ಲೂ ಎಷ್ಟು ಹುಮ್ಮಸ್ಸು ಕಣೇ" ಎಂದಳು ಗೆಳತಿ. ಹುಮ್ಮಸ್ಸಲ್ಲ, ತಪಾಸಣೆ ಎಂದು ನಾನು ಹೇಳಲಿಲ್ಲ. ಬುರುಜಿನ ಮೇಲಿನ ತೋಪಿನ ಬಾಯಿಯ ಎದುರು ನಾವಿಬ್ಬರೂ ಫೋಟೋಕ್ಕೆ ನಿಂತೆವು. ಕಾಕಾ ಮಾತ್ರ ತೋಪಿನ ಹಿಂದೆ.

"ಅಂಕಲ್, ಮುಂದೆ ಬನ್ನಿ."

"ಇಲ್ಲೇ ಚಲೋ ಅದ, ಬೇಟಾ. ಗಾಳಿ ಬರ್ತದ."

ತೋಪು ಎಷ್ಟು ತಲೆಮಾರಿನಿಂದ ಸುಮ್ಮನಿದೆಯೋ ದೇವರೇ ಬಲ್ಲ. ಸುಮ್ಮನಿರುವುದನ್ನು ಕಾಕಾ ಇನ್ನೂ ಹೆಚ್ಚು ಅನುಮಾನಿಸುತ್ತಾರೆ.

ತ್ರಿಪುರಾಂತ ಕೆರೆ, ಅನುಭವ ಮಂಟಪ ಮುಗಿಸಿ ಮಧ್ಯಾಹ್ನ, ಹಿಂದಿನ ರಾತ್ರಿ ಇಳಿದುಕೊಂಡಿದ್ದ ಲಾಡ್ಜಿಗೆ ಮರಳಿದೆವು. ಲಾಡ್ಜಿನ ಹೆಸರು ಬೇಡ. ಸಾಮಾನು ಕಟ್ಟಿಕೊಂಡು ನಾಲ್ಕರ ಬಸ್ಸಿಗೆ ಹೊರಡುವುದಿತ್ತು. ಎಂದರೆ ಕಾಕಾನ ಪರೀಕ್ಷೆ ಮುಗಿಯಲು ಇನ್ನು ಎರಡೇ ತಾಸು. ನಿಜ ಹೇಳಬೇಕೆಂದರೆ ನನಗೂ ಅವರು ಗೆಲ್ಲಲಿ ಎಂದೇ ಇತ್ತು.

ಇಲ್ಲಿಂದ ಮುಂದಿನದನ್ನು ನಾನು ಕಣ್ಣ ಮುಂದೆ ದಿನಕ್ಕೆ ಹತ್ತು ಸಲ ನೋಡುತ್ತೇನೆ. ಅನ್ನಕ್ಕೆ ನೀರಿಡುವಾಗ ನೋಡುತ್ತೇನೆ, ಬಸ್ಸಿನಲ್ಲಿ ಕೂತಾಗ ನೋಡುತ್ತೇನೆ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲನ್ನು ಈಗ ಒಣ ಬಟ್ಟೆ ಹಿಡಿದೇ ತೆಗೆಯುತ್ತೇನೆ. ಅಮ್ಮ ನೋಡಿಯೂ ನೋಡದಂತೆ ಇರುತ್ತಾಳೆ.

ನಮ್ಮಿಬ್ಬರ ಕೋಣೆಯಲ್ಲಿ ಕಬ್ಬಿಣದ ಮೈಯ ಕೂಲರ್ ಇತ್ತು. ನೀರು ತೀರಿ ಬಿಸಿಗಾಳಿ ಉಗುಳುತ್ತಿತ್ತು. ಲಾಡ್ಜಿನವನು ಬಂದು ಕೂಲರಿನ ಗುಂಡಿ ಒತ್ತಿ, ಗೋಡೆಯ ಪ್ಲಗ್ಗನ್ನು ಹಾಗೇ ಬಿಟ್ಟು, "ಬಂದ್ ಮಾಡೀನ್ರಿ ಅಕ್ಕಾರೆ, ಬಾಜೂದ ಜಾಳಿಗಿ ತೆಗೆದು ನೀರು ಹಾಕ್ರಿ" ಎಂದು ಹೇಳಿ ಹೋದ. ನಾನು ಕೈಕಾಲು ತೊಳೆದು ಬಂದಿದ್ದೆ. ಬರಿಗಾಲು. ನೆಲದ ಮೇಲೆ ನೀರು. ಕೊಡವನ್ನು ಕೆಳಗಿಟ್ಟು, ಬದಿಯ ಕಬ್ಬಿಣದ ಜಾಳಿಗೆಯನ್ನು ಎರಡೂ ಕೈಯಿಂದ ಹಿಡಿದು ಎಳೆಯಬೇಕು ಎಂದು ಬಗ್ಗಿದೆ.

ಸಾಮಾನು ಆಯಿತೇ ಎಂದು ಕೇಳಲು ಕಾಕಾ ಬಾಗಿಲಿಗೆ ಬಂದರು. ಅವರ ಚಪ್ಪಲಿ ಹೊರಗೆ. ಒಳಗೆ ಧೂಳು ತರಬೇಡಿ ಎಂದು ಬೆಳಿಗ್ಗೆ ನಾನೇ ಹೇಳಿದ್ದೆ. ಅವರು ಕೂಲರನ್ನು ನೋಡಿದರು, ನೆಲ ನೋಡಿದರು, ನನ್ನ ಕೈ ನೋಡಿದರು. ಬಾಯಿ ತೆರೆದರು.

ನಾನು ನಕ್ಕೆ. ಬಗ್ಗಿದಲ್ಲಿಂದಲೇ ಒಂದು ಬೆರಳೆತ್ತಿ, "ಕಾಕಾ, ಇನ್ನ ಎರಡು ತಾಸು ಅದ ನೋಡ್ರಿ" ಎಂದೆ.

ಅವರು ಬಾಯಿ ಮುಚ್ಚಿದರು.

ನಾನು ಮತ್ತೆ ಜಾಳಿಗೆಗೆ ಎರಡೂ ಕೈ ಚಾಚಿದೆ. ಆಮೇಲೆ ಅವರು ಹ್ಯಾಗೆ ಬಂದರೋ ಗೊತ್ತಿಲ್ಲ. ಮೊಣಕಾಲು ನೋವೆಂದು ಕೋಟೆ ಇಳಿಯುವಾಗ ಎರಡು ಸಲ ಕೂತವರು. ನನ್ನ ಮತ್ತು ಕೂಲರಿನ ನಡುವೆ ಹೆಗಲು ತೂರಿಸಿ, ಅಂಗೈಯ ಹಿಂಬದಿಯನ್ನು ಜಾಳಿಗೆಗೆ ತಾಗಿಸಿದರು. ಠಕ್ ಎಂದು ಒಣ ಕಡ್ಡಿ ಮುರಿದಂಥ ಸದ್ದು. ಕೈ ಹಿಂದಕ್ಕೆ ಹಾರಿತು, ಕೈಯ ಹಿಂದೆ ಕಾಕಾ. ತಲೆ ಮಂಚದ ಕಾಲಿಗೆ ಬಡಿಯಿತು. ಎತ್ತಲು ಓಡಿದ ನನ್ನನ್ನು, ಸಾಮಾನು ಕಟ್ಟುತ್ತಿದ್ದ ಗೆಳತಿ ಜಡೆ ಹಿಡಿದು ಎಳೆದಳು. ಯಾರೋ ಕೆಳಗೆ ಮೇನ್ ಸ್ವಿಚ್ಚು ಕಿತ್ತರು. ಕಾಕಾನ ಕಣ್ಣು ತೆರೆದೇ ಇತ್ತು, ನೋಡುತ್ತಿರಲಿಲ್ಲ. ನನ್ನ ಎರಡೂ ಕೈ ಇನ್ನೂ ಗಾಳಿಯಲ್ಲಿ ಜಾಳಿಗೆ ಹಿಡಿಯುವ ಆಕಾರದಲ್ಲೇ ಇದ್ದವು. ಟೆಸ್ಟರ್ ಇದ್ದ ಬ್ಯಾಗು ಮಂಚದ ಮೇಲಿತ್ತು, ಮೂರು ಹೆಜ್ಜೆ ದೂರ.

ದವಾಖಾನೆಯಲ್ಲಿ ಡಾಕ್ಟರರು ಎದೆಯ ಪರೀಕ್ಷೆ ಮಾಡಿ, ತಲೆಗೆ ನಾಲ್ಕು ಹೊಲಿಗೆ ಹಾಕಿ, ಸುಟ್ಟ ಕೈಗೆ ಪಟ್ಟಿ ಸುತ್ತಿ, ಒಂದು ದಿನ ಇಲ್ಲೇ ಇರಲಿ ಎಂದರು. "ಮುಷ್ಟಿಯಿಂದ ಹಿಡಿದಿದ್ದರೆ ಕರೆಂಟು ಬಿಡ್ತಿರಲಿಲ್ಲ. ಕೈಯ ಹಿಂಬದಿ ತಾಗಿದ್ದರಿಂದ ಉಳಿದರು" ಎಂದು ನನಗೆ ವಿವರಿಸಿದರು. ಎರಡೂ ಕೈಯಿಂದ ಹಿಡಿಯಲಿದ್ದವಳು ಯಾರು ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ತಲೆಯಾಡಿಸಿದೆ.

ಅಪ್ಪ ಸುದ್ದಿ ಕೇಳಿ ಊರಿನಿಂದ ಸಿಕ್ಕ ಗಾಡಿ ಹತ್ತಿ ಬಂದರು. ಮಂಚದ ಬುಡದಲ್ಲಿ ನಿಂತರು. ಕಾಕಾ ಕಣ್ಣು ತೆರೆದು ಮೊದಲು ಆಡಿದ ಮಾತು ಇದು:

"ಅಣ್ಣಾ, ಕೇಳು ನಿನ್ನ ಮಗಳಿಗೆ. ಎರಡು ದಿನ ಒಂದು ಮಾತೂ ಆಡಿಲ್ಲ ನಾ."

ಅಪ್ಪ ನನ್ನನ್ನು ನೋಡಿದರು. ಸಾಕ್ಷಿ ಹೇಳುವ ಬದಲು ನಾನು ಕಾಕಾನ ಕಡೆ ತಿರುಗಿದೆ.

"ಯಾಕ ಆಡಲಿಲ್ರಿ, ಕಾಕಾ?" ಎಂದೆ. "ಮುಟ್ಟಬ್ಯಾಡ ಅಂತ ಒಂದು ಸಲ ಅನ್ನಬಾರದಿತ್ತೇನು?"

"ಅಂದಿದ್ರ ನೀ ಕೇಳ್ತಿದ್ದಿ ಏನು, ಬೇಟಾ?"

ಅದರಲ್ಲಿ ಸಿಟ್ಟಿರಲಿಲ್ಲ, ಚುಚ್ಚುವುದಿರಲಿಲ್ಲ. ದಾರಿ ಕೇಳಿದ ಹಾಗೆ ಕೇಳಿದರು. ನಾನು ಕೇಳುತ್ತಿರಲಿಲ್ಲ. ಇನ್ನೊಂದು ಸಲ ನಕ್ಕು, ನಗುತ್ತಲೇ ಹಿಡಿಯುತ್ತಿದ್ದೆ. ಅದು ಅವರಿಗೆ ಬಾಗಿಲಲ್ಲೇ ಗೊತ್ತಾಗಿತ್ತು.

"ಇಲ್ರಿ," ಎಂದೆ.

"ಅದಕ್ಕ," ಎಂದರು.

ಅಪ್ಪ ಮಂಚದ ಅಂಚಿನಲ್ಲಿ ಕೂತು, ಪಟ್ಟಿ ಸುತ್ತಿದ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಸೀಟ್ ಅದ ನಿಂದು," ಎಂದರು.

"ಖರೇ?"

"ಖರೇ."

"ಮನ್ಯಾಗ ಎಲ್ಲಾರೂ ಒಪ್ಪ್ಯಾರೇನು?"

ಅಪ್ಪ ಯಾರನ್ನೂ ಕೇಳಿರಲಿಲ್ಲ. "ಒಪ್ಪ್ಯಾರ," ಎಂದರು.

ಕಾಕಾ ಮತ್ತೆ ಕೇಳಲಿಲ್ಲ. ಯಾರು ಯಾರು ಒಪ್ಪಿದರು, ಯಾವಾಗ ಒಪ್ಪಿದರು, ಯಾರ ಎದುರಿಗೆ ಒಪ್ಪಿದರು ಎಂದು ಏನೂ ಕೇಳಲಿಲ್ಲ. ಅಣ್ಣನ ಮಾತು ನಂಬಿ ಕಣ್ಣು ಮುಚ್ಚಿದರು.

ನಾನು ಸ್ಟೂಲು ಎಳೆದುಕೊಂಡು ಅವರ ಪಕ್ಕಕ್ಕೆ ಕೂತೆ. ತಲೆಯ ಮೇಲೆ ಫ್ಯಾನು ಒಂದು ಸುತ್ತಿಗೊಮ್ಮೆ ಕಿರ್ ಎನ್ನುತ್ತಿತ್ತು. ಗೋಡೆಯ ಪ್ಲಗ್ಗು ಸ್ವಲ್ಪ ಸಡಿಲವಿತ್ತು. ಸಲೈನು ಒಮ್ಮೆ ಬೇಗ, ಒಮ್ಮೆ ನಿಧಾನ ಇಳಿಯುತ್ತಿತ್ತು. ಸಿಸ್ಟರನ್ನು ಕರೆದು ಕೇಳಿದೆ. ಎಲ್ಲ ಸರಿ ಇದೆ ಎಂದರು. ಅವರು ಹೋದ ಮೇಲೆ ಎದ್ದು ಮತ್ತೊಮ್ಮೆ ನೋಡಿದೆ. ಕಾಕಾ ನಿದ್ದೆಯಲ್ಲಿದ್ದರು, ಅವರು ಏಳುವ ತನಕ ಅವರ ಪಾಲಿನ ಅನುಮಾನವನ್ನು ಯಾರಾದರೂ ಪಡಬೇಕಲ್ಲ.