ಬೆಚ್ಚಗಿನ ಗೋಡೆ

ಎವಾರಿಸ್ತೊ ಕಾರ್ಕಮೊನ ನೆಮ್ಮದಿ ಹಾಳಾದದ್ದು ಒಂದು ಗೋಡೆಯಿಂದ. ಚಿಲಿ ದೇಶದ ಓಸೋರ್ನೊ ಊರಿನ ಆ ಹಳೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಅವನ ಮನೆಗೂ ಕ್ಲೊತಿಲ್ದೆ ಮಲ್ದೊನಾದೊಳ ಮನೆಗೂ ನಡುವೆ ಇದ್ದದ್ದು ಅದೊಂದೇ ಗೋಡೆ. ಅಲ್ಲಿನ ನಡುಚಳಿಗಾಲವಾದ ಜುಲೈ ತಿಂಗಳ ಆ ಗುರುವಾರ ಬೆಳಿಗ್ಗೆ, ಕೆಳಗೆ ಬಿದ್ದ ಬಾಚಣಿಗೆಯನ್ನು ಹೆಕ್ಕಲು ಬಾಗಿದ ಕ್ಲೊತಿಲ್ದೆ ಗೋಡೆಗೆ ಕೈ ಊರಿದಳು. ಗೋಡೆ ಬೆಚ್ಚಗಿತ್ತು.

ಬೇರೆ ದಿನವಾಗಿದ್ದರೆ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆದರೆ ಊರಿನ ಮೇಲೆ ಒಲೆಗಳ ಹೊಗೆ ಕವುಚಿಕೊಂಡಿತ್ತು. ಅದು ಚದುರುವ ತನಕ ಮನೆ ಬೆಚ್ಚಗಿಡುವ ಸೌದೆ ಒಲೆಯನ್ನು ಯಾರೂ ಹಚ್ಚಕೂಡದೆಂದು ಸರಕಾರ ಆಜ್ಞೆ ಹೊರಡಿಸಿ ಮೂರು ದಿನವಾಗಿತ್ತು. ಇಡೀ ಕಟ್ಟಡ ಮೀನಿನ ಪೆಟ್ಟಿಗೆಯಂತೆ ತಣ್ಣಗಾಗಿತ್ತು. ಜನ ಕೋಟು ತೊಟ್ಟೇ ಮಲಗಿ ಕೋಟು ತೊಟ್ಟೇ ಏಳುತ್ತಿದ್ದರು. ಅಂಥದ್ದರಲ್ಲಿ ಒಬ್ಬನ ಗೋಡೆ ಮಾತ್ರ ಬೆಚ್ಚಗಿದೆಯೆಂದರೆ ಅವನು ಕಳ್ಳತನದಿಂದ ಒಲೆ ಉರಿಸುತ್ತಿದ್ದಾನೆ ಎಂದೇ ಅರ್ಥ. ಕ್ಲೊತಿಲ್ದೆ ತಲೆಯನ್ನು ಅರ್ಧ ಬಾಚಿಕೊಂಡೇ ಹೋಗಿ ನಿವಾಸಿಗಳ ಸಂಘದ ಅಧ್ಯಕ್ಷ ಬಾಲ್ದೊಮೆರೊ ಉರಿಬೆಯನ್ನು ಎಬ್ಬಿಸಿದಳು.

ಎಪ್ಪತ್ತು ದಾಟಿದ ಬಾಲ್ದೊಮೆರೊಗೆ ಬದುಕಿನಲ್ಲಿ ಉಳಿದಿದ್ದ ಸುಖ ಮೆಟ್ಟಿಲ ಬಳಿ ನೋಟೀಸು ಅಂಟಿಸುವುದೊಂದೇ. ಅವನು ಗಂಭೀರವಾಗಿ ಬಂದು ಬಾಗಿಲು ತಟ್ಟಿದ. ಬಾಗಿಲು ತೆರೆದ ಎವಾರಿಸ್ತೊ ಕೋಟಿಲ್ಲದೆ ಬರೀ ಅಂಗಿಯಲ್ಲಿದ್ದ. ಅದೇ ಒಂದು ಸಾಕ್ಷಿಯಾಯಿತು.

“ಒಲೆ ಎಲ್ಲಿಟ್ಟಿದೀರಿ, ದೋನ್ ಎವಾರಿಸ್ತೊ?”

ಒಲೆಯಿಲ್ಲವೆಂದು ಎವಾರಿಸ್ತೊ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಕೊನೆಗೆ ಒಳಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದ. ಗೋಡೆಗೆ ತಾಗಿಸಿಟ್ಟ ಕಂಪ್ಯೂಟರೊಂದು ದಮ್ಮು ಹತ್ತಿದ ಮುದುಕನಂತೆ ಏದುಸಿರು ಬಿಡುತ್ತಿತ್ತು. ಅದರೊಳಗಿದ್ದ ಗ್ರಾಫಿಕ್ಸ್ ಕಾರ್ಡು ಹುಡುಗರ ಆಟಕ್ಕೆ ಚಿತ್ರ ಮೂಡಿಸಲೆಂದು ಹುಟ್ಟಿದ್ದು. ಆದರೆ ರಾಶಿ ಲೆಕ್ಕಗಳನ್ನು ಒಂದೇ ಏಟಿಗೆ ಮಾಡುವ ತಾಕತ್ತು ಅದಕ್ಕಿತ್ತು. ದೂರದ ಪ್ರಯೋಗಾಲಯವೊಂದು ಕಾಯಿಲೆಗಳ ಬಗೆಗಿನ ತನ್ನ ದೊಡ್ಡ ಲೆಕ್ಕವನ್ನು ತುಂಡು ತುಂಡು ಮಾಡಿ ಲೋಕದ ಮನೆಮನೆಗೆ ಕಳಿಸುತ್ತದೆ, ಮನಸ್ಸಿದ್ದವರು ತಮ್ಮ ಯಂತ್ರದಲ್ಲಿ ಮಾಡಿ ವಾಪಸು ಕಳಿಸುತ್ತಾರೆ, ತನ್ನ ಪಾಲಿನ ತುಂಡು ನಾಲ್ಕು ದಿನದಿಂದ ನಡೆಯುತ್ತಿದೆ, ಆ ದುಡಿಮೆಯ ಬಿಸಿಯೇ ಇದು ಎಂದು ಎವಾರಿಸ್ತೊ ವಿವರಿಸಿದ.

“ಏನ್ ಕೊಡ್ತಾರೆ ಇದಕ್ಕೆ?” ಬಾಲ್ದೊಮೆರೊ ಕೇಳಿದ.

“ಏನೂ ಇಲ್ಲ.”

“ಏನೂ ಇಲ್ದೆ ಯಾರಾದ್ರೂ ಮಾಡ್ತಾರಾ?”

ಬಾಲ್ದೊಮೆರೊ ಅನುಮಾನದಿಂದ ಯಂತ್ರದ ಹಿಂಬದಿಗೆ ಕೈಯೊಡ್ಡಿದ. ಬಿಸಿಗಾಳಿ ಬೆರಳುಗಳಿಗೆ ತಾಗಿದ್ದೇ ಅವನ ಮುಖದ ಅಧ್ಯಕ್ಷಗಿರಿಯೆಲ್ಲ ಬೆಣ್ಣೆಯಂತೆ ಕರಗಿತು. ಹೋಗಿ ತನ್ನ ಕುರ್ಚಿಯನ್ನೇ ಹೊತ್ತು ತಂದ.

ಅಲ್ಲಿಂದ ಮುಂದೆ ಮನೆ ಎವಾರಿಸ್ತೊನದಾಗಿ ಉಳಿಯಲಿಲ್ಲ. ಕ್ಲೊತಿಲ್ದೆ ಮೂರು ದಿನದಿಂದ ಒಣಗದ ಬಟ್ಟೆಗಳ ಬುಟ್ಟಿಯೊಂದಿಗೆ ಬಂದಳು. ಕೆಳಮನೆಯಲ್ಲಿ ರೊಟ್ಟಿ ಮಾಡಿ ಮಾರುವ ಎಲ್ವಿರಾ ನವೆಲ್‌ಪಾನ್, ಚಳಿಗೆ ಉಬ್ಬದೆ ಕಲ್ಲಾಗಿ ಕೂತ ಹಿಟ್ಟಿನ ಪಾತ್ರೆಯನ್ನು ತಂದು ಯಂತ್ರದ ಪಕ್ಕದಲ್ಲಿಟ್ಟು ಮೇಲೆ ಶಾಲು ಹೊದಿಸಿದಳು. ನಲವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ಎವಾರಿಸ್ತೊಗೆ ಬಂದದ್ದನ್ನು ಬೇಡವೆಂದು ಹಿಂದಕ್ಕೆ ಕಳಿಸಿ ಅಭ್ಯಾಸವೇ ಇರಲಿಲ್ಲ. ಗಾಳಿಯ ಕಿಂಡಿಗೆ ಅಡ್ಡ ಬಿದ್ದ ಕಾಲುಚೀಲಗಳನ್ನು ತೆಗೆಯುತ್ತ, ಉಬ್ಬಿ ಹೊರಬರುತ್ತಿದ್ದ ಹಿಟ್ಟನ್ನು ತಂತಿಗಳಿಂದ ದೂರ ಸರಿಸುತ್ತ, ಬಾಣಂತಿ ಮನೆಯ ಸೂಲಗಿತ್ತಿಯಂತೆ ಓಡಾಡಿದ. ಕಾರ್ಡಿನ ಬಿಸಿ ಏರಿದಂತೆಲ್ಲ ಫ್ಯಾನು ಕಿರುಚುತ್ತಿತ್ತು. ಅದು ಕಿರುಚಿದಷ್ಟೂ ಕೋಣೆ ಬೆಚ್ಚಗಾಗುತ್ತಿತ್ತು, ನೆರೆಯವರು ಕೋಟಿನ ಇನ್ನೊಂದು ಗುಂಡಿ ಬಿಚ್ಚುತ್ತಿದ್ದರು.

ಅವನ ಕಣ್ಣು ಮಾತ್ರ ಗಡಿಯಾರ ಬಿಟ್ಟು ಕದಲಲಿಲ್ಲ. ಆ ಸಂಜೆ ಆರಕ್ಕೆ ಪ್ರಯೋಗಾಲಯದ ಅಧ್ಯಯನ ಮುಗಿಯುವುದಿತ್ತು. ಕೊನೆಯ ತುಂಡನ್ನು ಆರರೊಳಗೆ ಮುಗಿಸಿ ಕಳಿಸಿದವರ ಹೆಸರುಗಳನ್ನು ಪ್ರಯೋಗಾಲಯ ತನ್ನ ಕೃತಜ್ಞತೆಯ ಪಟ್ಟಿಯಲ್ಲಿ ಪ್ರಕಟಿಸಲಿತ್ತು.

ನಾಲ್ಕು ಗಂಟೆ ಹೊತ್ತಿಗೆ ಬಾಲ್ದೊಮೆರೊಗೆ ‘ಮಾತೆ’ ಎಂಬ ಸೊಪ್ಪಿನ ಚಹಾ ಕುಡಿಯುವ ಆಸೆಯಾಯಿತು. ಸೊಪ್ಪಿಗೆ ಬಿಸಿನೀರು ಬೇಕಲ್ಲ, ತನ್ನ ಮನೆಯ ಕರೆಂಟಿನ ಕೆಟಲು ತಂದು ಕಂಪ್ಯೂಟರಿನ ಪಕ್ಕದಲ್ಲೇ ಚುಚ್ಚಿದ. ಟಪ್ಪೆಂದಿತು. ದೀಪ, ಪರದೆ, ಫ್ಯಾನು ಎಲ್ಲ ಒಟ್ಟಿಗೆ ಸತ್ತವು.

ಎವಾರಿಸ್ತೊ ಮೂರು ಮಹಡಿ ಇಳಿದು ಮೀಟರಿನ ಪೆಟ್ಟಿಗೆಯ ಬಳಿಗೆ ಓಡಿದ. ಅದಕ್ಕೆ ಬೀಗವಿತ್ತು. ಬೀಗದ ಕೈ ಅಧ್ಯಕ್ಷರ ಬಳಿಯಿತ್ತು, ಅಧ್ಯಕ್ಷರು ಮೇಲೆ ಕುರ್ಚಿಯಲ್ಲಿದ್ದರು. ಹತ್ತಿ ಬಂದು ಕೆಟಲಿನ ತಂತಿ ಕಿತ್ತು, ಬೀಗದ ಕೈ ಇಸಕೊಂಡು ಮತ್ತೆ ಇಳಿದು ಕರೆಂಟು ಬರಿಸಿ, ಎದೆ ಹಿಡಿದುಕೊಂಡು ಕಂಬಿಗೆ ಒರಗಿ ತುಸು ಹೊತ್ತು ನಿಂತ. ಮತ್ತೆ ಮೆಟ್ಟಿಲೇರಿ ಬಂದಾಗ ಯಂತ್ರ ಓಡುತ್ತಿತ್ತು. ಅದು ಆಗಾಗ ಲೆಕ್ಕವನ್ನು ಉಳಿಸಿಕೊಳ್ಳುತ್ತಿದ್ದುದರಿಂದ ಹೆಚ್ಚೇನೂ ಕಳೆದಿರಲಿಲ್ಲ. ಬಾಲ್ದೊಮೆರೊ ಅದರ ಮುಂದೆ ಕೂತು, ಎಮ್ಮೆಯ ಹಾಲು ಕರೆದು ಎದ್ದವನಂತೆ ಕೈ ಒರೆಸಿಕೊಳ್ಳುತ್ತಿದ್ದ.

ಐದೂಮುಕ್ಕಾಲು ದಾಟುವಾಗ ಲೆಕ್ಕ ಮುಗಿಯಿತು. ಎಂಟು ನಿಮಿಷ ಉಳಿದಿರುವಾಗ ಪ್ರಯೋಗಾಲಯಕ್ಕೆ ತಲುಪಿತು. ಎವಾರಿಸ್ತೊ ನೆಲದ ಮೇಲೆಯೇ ಕೂತುಬಿಟ್ಟ. ಅವನ ಮುಖ ನೋಡಿ ಕ್ಲೊತಿಲ್ದೆಗೆ ಗಾಬರಿಯಾಯಿತು. ದುಡ್ಡಿಲ್ಲದ ಕೆಲಸಕ್ಕೆ ಇಷ್ಟು ಒದ್ದಾಡುವುದೇಕೆಂದು ಕೇಳಿದಳು.

ಆಗ ಅವನು ಹೇಳಿದ. ಅವನ ಹೆಂಡತಿ ನೊರ್ಮಾ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆಯಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಕೊನೆಯಲ್ಲಿ ಉಸಿರೆಳೆಯುವ ಸ್ನಾಯುವೂ ಸೋತಿತ್ತು. ಈ ಕಾಯಿಲೆಯ ಬಗ್ಗೆ ಹೆಚ್ಚು ಗೊತ್ತಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ಈ ಲೆಕ್ಕ ಅದೇ ಕಾಯಿಲೆಯದು.

“ನನ್ ಹೆಸ್ರಲ್ಲಿ ಮಾಡ್ಲಿಲ್ಲ, ಅವಳ ಹೆಸ್ರಲ್ಲೇ ಮಾಡ್ದೆ,” ಎಂದ. “ಅವಳ ಹೆಸ್ರು ಇರೋದು ಸಮಾಧಿ ಕಲ್ಲಿನ ಮೇಲೆ ಮಾತ್ರ. ಈ ಕಾಯಿಲೇನ ಗೊತ್ತು ಮಾಡ್ಕೊಂಡವ್ರ ಸಾಲಲ್ಲೂ ಒಂದ್ಸಲ ಇರ್ಲಿ ಅನ್ನಿಸ್ತು.”

ನೊರ್ಮಾಳಿಗೆ ಎಷ್ಟೋ ದಿನ ಚಮಚದಲ್ಲಿ ಗಂಜಿ ಕುಡಿಸಿದ್ದ ಕ್ಲೊತಿಲ್ದೆ ಅರ್ಧ ಒಣಗಿದ ಅಂಗಿಯೊಂದರಿಂದ ಕಣ್ಣೊರೆಸಿಕೊಂಡಳು. ಎಲ್ವಿರಾ ಶಿಲುಬೆಯ ಗುರುತು ಮಾಡಿಕೊಂಡಳು. ಆರು ಹೊಡೆಯಿತು. ಪಟ್ಟಿ ಬಂತು. ನಾಲ್ವರೂ ಪರದೆಗೆ ಮೂಗು ತಾಗುವಷ್ಟು ಹತ್ತಿರ ಸೇರಿಕೊಂಡು ನೊರ್ಮಾ ಒಯಾರ್ಸುನ್ ಎಂಬ ಹೆಸರನ್ನು ಹುಡುಕಿದರು. ಜಪಾನಿನವರಿದ್ದರು, ಪೋಲೆಂಡಿನವರಿದ್ದರು. ಮೇಲಿಂದ ಕೆಳಗೆ ಎರಡು ಸಲ ಹೋದರೂ ನೊರ್ಮಾ ಸಿಗಲಿಲ್ಲ. ಮೂರನೆಯ ಸಲ ಕ್ಲೊತಿಲ್ದೆಯ ಬೆರಳು ಒಂದು ಕಡೆ ನಿಂತಿತು.

“ಇದೇನ್ರೀ? ಬಾಲ್ದೊಮೆರೊ ಉರಿಬೆ, ಚಿಲಿ ಅಂತಿದೆ.”

ಬಾಲ್ದೊಮೆರೊನ ಮುಖದ ಬಣ್ಣ ಇಳಿಯಿತು.

“ನೀವು ಕೆಳಗಿದ್ರಲ್ಲ, ಆಗ ಕರೆಂಟ್ ಬಂತು. ಗುಂಡಿ ಒತ್ತಿದೆ. ಯಾರ ಹೆಸ್ರಲ್ಲಿ ಮುಂದುವರಿಸ್ಲಿ ಅಂತ ಅದು ಕೇಳ್ತು, ದೋನ್ ಎವಾರಿಸ್ತೊ. ಎದುರಿಗೆ ಕೂತಿದ್ದವ್ನು ನಾನು. ನನ್ ಹೆಸ್ರು ಕೇಳ್ತಿದೆ ಅಂದ್ಕೊಂಡೆ.”

ತಿದ್ದಿಸೋಣ, ತಪ್ಪು ನನ್ನದೆಂದು ನಾನೇ ಬರೆದುಕೊಡುತ್ತೇನೆ ಎಂದು ಅವನು ಗೋಗರೆದ. ಎವಾರಿಸ್ತೊ ಕಂಪ್ಯೂಟರಿನಲ್ಲೇ ಪ್ರಯೋಗಾಲಯಕ್ಕೆ ಕಾಗದ ಬರೆದ. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು: ಅಧ್ಯಯನ ಮುಗಿದಿದೆ, ಪಟ್ಟಿಯನ್ನು ಇನ್ನು ಬದಲಿಸಲಾಗದು, ನಿಮ್ಮ ನಿಸ್ವಾರ್ಥ ಸೇವೆಗೆ ವಂದನೆಗಳು, ಶ್ರೀ ಉರಿಬೆ ಅವರೇ.

ಹೊಸ ತುಂಡುಗಳೇನೂ ಬರಲಿಲ್ಲ. ಫ್ಯಾನು ನಿಧಾನವಾಗುತ್ತ ನಿಂತುಹೋಯಿತು, ಕೋಣೆ ತಣ್ಣಗಾಗತೊಡಗಿತು. ಮೊದಲು ಎಲ್ವಿರಾ ತನ್ನ ಪಾತ್ರೆ ಎತ್ತಿಕೊಂಡಳು. ಕ್ಲೊತಿಲ್ದೆ ಬಟ್ಟೆಗಳನ್ನು ಮಡಚಿ ಬುಟ್ಟಿಗೆ ತುಂಬಿಕೊಂಡು ನಡೆದಳು. ಬಾಲ್ದೊಮೆರೊ ಕುರ್ಚಿ ಹೊತ್ತುಕೊಂಡು ತಲೆತಗ್ಗಿಸಿ ಹೊರಟ.

ಎವಾರಿಸ್ತೊ ಕೋಟು ಹಾಕಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಮತ್ತೆ ಮೆಲ್ಲಗೆ ಸದ್ದಾಯಿತು. ಬಾಲ್ದೊಮೆರೊ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಕೇಳಬಾರದು, ಕೇಳುವ ಮುಖವೂ ತನಗಿಲ್ಲ ಎಂದ. ಆದರೆ ಎಪ್ಪತ್ತು ವರ್ಷದಲ್ಲಿ, ತಾನೇ ಬರೆದು ಅಂಟಿಸಿದ ನೋಟೀಸು ಬಿಟ್ಟರೆ ತನ್ನ ಹೆಸರು ಎಲ್ಲೂ ಬಂದದ್ದಿಲ್ಲ. ಮಗಳಿಗೆ ಕಳಿಸಬೇಕು. ಆ ಪುಟದ್ದು ಒಂದು ಪ್ರತಿ ಸಿಕ್ಕರೆ ಉಪಕಾರವಾಗುತ್ತದೆ.

ಎವಾರಿಸ್ತೊ ಒಳಗೆ ಹೋಗಿ ಪ್ರಿಂಟರಿಗೆ ಹಾಳೆ ಹಾಕಿದ.

“ಬಣ್ಣದಲ್ಲಿ ಬರುತ್ತಾ?” ಹೊಸ್ತಿಲಿನಿಂದ ಬಾಲ್ದೊಮೆರೊ ಕೇಳಿದ.

“ಬರುತ್ತೆ,” ಎಂದ ಎವಾರಿಸ್ತೊ.