ಬೈಕಿನ ಟ್ಯಾಂಕ್ ಬಿಚ್ಚಿದ ಭಾನುವಾರ

ನಾನು ಸ್ಪ್ಯಾನರ್ ಕೈಗೆತ್ತಿಕೊಂಡ ದಿನವೇ ಊರಿನವರಿಗೆಲ್ಲ ಪುರುಸೊತ್ತು ಸಿಗುತ್ತದೆ. ಕುಶಾಲನಗರದಲ್ಲಿದ್ದಾಗ ಚೈನ್ ಬಿಚ್ಚಿದೆ. ಆರು ಜನ ಬಂದು ಸಲಹೆ ಕೊಟ್ಟರು, ಅವರ ಕಾಲಡಿಯಲ್ಲಿ ಚೈನಿನ ಲಾಕ್ ಕಳೆದುಹೋಯಿತು. ದುಬಾರೆಯಲ್ಲಿ ಪ್ಲಗ್ ಬಿಚ್ಚಿದೆ. ಆನೆ ನೋಡಲು ಬಂದವರು ಆನೆಯನ್ನು ಬಿಟ್ಟು ನನ್ನನ್ನು ನೋಡುತ್ತಾ ನಿಂತರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಒಂದೂರಲ್ಲಿ ಒಂದು ವರ್ಷ ನಿಂತವನಲ್ಲ. ಎಲ್ಲಿ ಹೋದರೂ ಈ ಕಾಟ ಮಾತ್ರ ನನಗಿಂತ ಮೊದಲೇ ಬಂದು ಕೂತಿರುತ್ತದೆ. ಬಾಳೆಲೆ ಅನ್ನುವ ಊರಿನಲ್ಲಿ ಆದದ್ದು ಹೇಳುತ್ತೇನೆ. ಈಗ ನೆನೆದರೂ ಮೈ ಉರಿಯುತ್ತದೆ.

ಬುಧವಾರ ಬಾ

ಬಾಳೆಲೆಯಲ್ಲಿ ನಾನಿದ್ದದ್ದು ಒಬ್ಬರು ಕೊಡವ ಆಂಟಿಯ ಮನೆ ಹಿಂದಿನ ಬಾಡಿಗೆ ರೂಮಿನಲ್ಲಿ. ಆಂಟಿಯ ತಮ್ಮ ಕುಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿಯಿಂದ ಹಿಡಿದು ಜೀಪಿನ ಕೀವರೆಗೆ ಎಲ್ಲ ಅವರ ಕೈಯಲ್ಲೇ. ಆಂಟಿ ಶಿಫಾರಸು ಮಾಡಿ ನನಗೆ ಅಲ್ಲಿ ಜೀಪ್ ಓಡಿಸುವ ಕೆಲಸ ಕೊಡಿಸಿದ್ದರು. ರೈಟರ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಸೋಮವಾರ ಏಳು ಗಂಟೆಗೆ ಬಂದರೆ ಕೆಲಸ. ಏಳೂ ಐದಕ್ಕೆ ಬಂದರೆ ಬೇರೆಯವನು ಸೀಟಲ್ಲಿ ಕೂತಿರ್ತಾನೆ."

ಶನಿವಾರ ನನ್ನ ಹಳೇ ಬೈಕ್ ಪ್ರತಿ ಏರಿನಲ್ಲೂ ಕೆಮ್ಮಿ ಕೆಮ್ಮಿ ನಿಂತಿತು. ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಪೈಪ್ ಎಳೆದು ನೋಡಿದ, ಒಳಗಿಂದ ಕೆಂಪು ನೀರಿನ ಹಾಗೆ ಬಂತು.

"ಟ್ಯಾಂಕಲ್ಲಿ ತುಕ್ಕು ತುಂಬಿದೆ. ಬಿಚ್ಚಿ ತೊಳೀಬೇಕು. ಬುಧವಾರ ಬಾ."

"ಬುಧವಾರ? ಸೋಮವಾರ ಬೆಳಿಗ್ಗೆ ಕುಟ್ಟದಲ್ಲಿರಬೇಕು ಮಾರಾಯ!"

"ಮೊದಲನೇ ಬಸ್ಸಿಗೆ ಹೋಗು."

"ಆ ಬಸ್ಸು ಒಂದು ವಾರದಿಂದ ಲೇಟು."

"ಲೇಟಾಗದೆ ಏನು? ಅದರ ಡ್ರೈವರ್ ಬೈಕೂ ನನ್ನ ಶೆಡ್ಡಲ್ಲೇ ಇದೆ. ಅವನಿಗೂ ಬುಧವಾರ ಅಂದಿದ್ದೀನಿ."

ಕ್ಯಾನಿನಲ್ಲಿದ್ದ ಪೆಟ್ರೋಲ್

ಹಾಳಾಗಿ ಹೋಗಲಿ, ನಾನೇ ಬಿಚ್ಚುತ್ತೇನೆ ಅಂತ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೂತೆ. ಆಂಟಿ ಮದುವೆಗೆ ಹೋಗಿದ್ದರು. ಅವರ ಗಂಡ, ಅಂದರೆ ನಮ್ಮ ಓನರ್ ಅಂಕಲ್, ಕಾಫಿ ಲೋಟ ಹಿಡಿದು ಜಗಲಿ ಮೇಲೆ ಕೂತರು. ನಾನು ಇದ್ದ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿದೆ, ಸೀಟ್ ತೆಗೆದೆ, ಟ್ಯಾಂಕಿನ ಹಿಂದಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಅದು ಜಗ್ಗಲಿಲ್ಲ.

"ಎಡಕ್ಕೆ ತಿರುಗಿಸು," ಅಂದರು ಅಂಕಲ್.

"ಎಡಕ್ಕೇ ತಿರುಗಿಸ್ತಾ ಇದ್ದೀನಿ."

"ಹಾಗಾದ್ರೆ ಬಲಕ್ಕೆ ನೋಡು."

ಹಲ್ಲು ಕಚ್ಚಿ ಬಿಚ್ಚಿದೆ. ಗೇಜಿನ ವಯರ್ ಕಳಚಿ, ಟ್ಯಾಂಕನ್ನು ಹಿಂದಕ್ಕೆ ಎಳೆದು ಎತ್ತಿ, ನಲ್ಲಿ ಹತ್ತಿರ ತೊಳೆಯಲು ಹೋದೆ. ವಾಪಸ್ ಬಂದರೆ ಕ್ಯಾನ್ ಖಾಲಿ, ಅಂಕಲ್ ಇಲ್ಲ, ಕಾಫಿ ತೋಟದೊಳಗಿಂದ ಗರ್ರ್ ಅಂತ ಸದ್ದು. ಕೊಡಗಿನಲ್ಲಿ ಕ್ಯಾನಲ್ಲಿ ಪೆಟ್ರೋಲ್ ಕಂಡರೆ ಮುಗಿಯಿತು, ಅದು ಕಳೆ ಹೊಡೆಯುವ ಮೆಷಿನ್ನಿನದು. ಯಾರೂ ಕೇಳುವುದಿಲ್ಲ. ಅಂಕಲ್ ಅದಕ್ಕೆ ಆಯಿಲ್ ಬೆರೆಸಿ, ಮೆಷಿನ್ನಿಗೆ ತುಂಬಿಸಿ, ಅರ್ಧ ತೋಟ ಬೋಳಿಸಿ ಆಗಿತ್ತು.

"ಅಂಕಲ್! ಅದು ನನ್ನ ಬೈಕಿನ ಪೆಟ್ರೋಲ್!" ಅಂತ ಕೂಗಿದೆ.

ಮೆಷಿನ್ ಆಫ್ ಮಾಡಿ ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು. "ಅದಕ್ಕೇ ಎರಡು ಸಲ ಕೆಮ್ಮಿತು! ತುಕ್ಕಿನ ಪೆಟ್ರೋಲ್ ಎಲ್ಲೆಂದರಲ್ಲಿ ಇಟ್ಟು ನನ್ನ ಮೆಷಿನ್ ಹಾಳು ಮಾಡ್ತೀಯಾ?"

ಕೊನೆಗೆ ತಪ್ಪಾಯಿತು ಅಂದವನು ನಾನೇ.

ಅಂಕಲ್ ಕೊಟ್ಟ ವಿನೆಗರ್

ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಟ್ಯಾಂಕಿಗೆ ವಿನೆಗರ್ ಹಾಕಿ, ಸಣ್ಣ ಜಲ್ಲಿ ಹಾಕಿ ಕುಲುಕಿದರೆ ತುಕ್ಕು ಬಿಡುತ್ತದಂತೆ. ಭಾನುವಾರ ಅಂಗಡಿ ಬಾಗಿಲು ಹಾಕಿತ್ತು.

"ವಿನೆಗರ್ ತಾನೆ?" ಅಂತ ಅಂಕಲ್ ಅಡಿಗೆಮನೆಗೆ ಹೋಗಿ ಒಂದು ಬಾಟಲಿ ತಂದರು. ಟಾರಿನ ಹಾಗೆ ಕಪ್ಪಗೆ, ಗಟ್ಟಿಯಾಗಿತ್ತು.

"ಅಂಕಲ್, ಇದು ಕಾಚಂಪುಳಿ. ಹಂದಿ ಕರಿಗೆ ಹಾಕೋದು!"

"ಹುಳಿ ಹುಳಿಯೇ ಮಾರಾಯ. ಬುಟ್ಟಿಗಟ್ಟಲೆ ಹಣ್ಣಿನ ರಸ ಬತ್ತಿಸಿ ಬತ್ತಿಸಿ ಮಾಡಿದ್ದು. ಪೇಟೆ ವಿನೆಗರ್ ಇದರ ಮುಂದೆ ನೀರು. ಹಾಕು."

ಗಡಿಯಾರ ಓಡುತ್ತಿತ್ತು. ಹಾಕಿದೆ. ಬಿಸಿನೀರು, ಜಲ್ಲಿ ಸೇರಿಸಿ ತೋಳು ಬಿದ್ದುಹೋಗುವಷ್ಟು ಕುಲುಕಿದೆ. ನಾಲ್ಕು ಸಲ ತೊಳೆದು ಬಿಸಿಲಿಗಿಟ್ಟು ಒಳಗೆ ಟಾರ್ಚ್ ಬಿಟ್ಟರೆ ಬೆಳ್ಳಿ ಚೊಂಬಿನ ಹಾಗೆ ಹೊಳೆಯುತ್ತಿದೆ! ನನ್ನ ಜೀವಮಾನದಲ್ಲಿ ಬೇರೆಯವರ ಸಲಹೆ ಫಲಿಸಿದ್ದು ಅದೊಂದೇ ಸಲ.

ಅಂಕಲ್ ಎದೆ ಉಬ್ಬಿಸಿದರು. "ನೋಡಿದೆಯಾ? ಇನ್ನು ಆಂಟಿ ಕೇಳಿದರೆ ಒಂದೇ ಮಾತು. ನಾನು ಮನೆಯಲ್ಲಿರಲಿಲ್ಲ."

ಹೆಲ್ಮೆಟ್ ಎಲ್ಲಿ?

ಇನ್ನು ಪೆಟ್ರೋಲ್ ಬೇಕು. ಗುರುತಿಲ್ಲದವರಿಗೆ ಪಂಪಿನಲ್ಲಿ ಕ್ಯಾನಿಗೆ ಹಾಕುವುದಿಲ್ಲ. ಟ್ಯಾಂಕನ್ನೇ ಮಗುವಿನ ಹಾಗೆ ತೊಡೆ ಮೇಲೆ ಕೂರಿಸಿಕೊಂಡು ಆಟೋದಲ್ಲಿ ಹೋದೆ.

ಪಂಪಿನವನು ಟ್ಯಾಂಕ್ ನೋಡಿದ, ನನ್ನನ್ನು ನೋಡಿದ. "ಗಾಡಿ ಎಲ್ಲಿ?"

"ಮನೆಯಲ್ಲಿ. ಟ್ಯಾಂಕ್ ಇಲ್ಲದೆ ಹೇಗೆ ಬರುತ್ತೆ?"

ಅವನು ಯೋಚಿಸಿ, ಗೋಡೆಯ ಬೋರ್ಡ್ ತೋರಿಸಿದ. "ಹೆಲ್ಮೆಟ್ ಇಲ್ಲದೆ ಪೆಟ್ರೋಲ್ ಇಲ್ಲ."

"ಬೈಕೇ ಇಲ್ಲ, ಹೆಲ್ಮೆಟ್ ಯಾಕೆ? ನಾನೇನು ಟ್ಯಾಂಕ್ ಮೇಲೆ ಕೂತು ಮನೆಗೆ ಹೋಗ್ತೀನಾ?"

"ರೂಲ್ಸ್ ನನ್ನದಲ್ಲ."

ನನ್ನ ಕೂಗಾಟ ಕೇಳಿ ಲೈನಿನಲ್ಲಿದ್ದ ಒಬ್ಬ ಪುಣ್ಯಾತ್ಮ ತನ್ನ ಹೆಲ್ಮೆಟ್ ಬಿಚ್ಚಿ ಕೊಟ್ಟ. ಅದನ್ನು ಹಾಕಿಕೊಂಡು, ಪಟ್ಟಿ ಬಿಗಿದು, ಟ್ಯಾಂಕ್ ತಬ್ಬಿಕೊಂಡು ನಿಂತೆ. ಪಂಪಿನವನು ಪೈಪ್ ಎತ್ತಿ, ಮುಖ ಕೂಡ ನೋಡದೆ ಹೇಳಿದ:

"ಗಾಡಿ ಆಫ್ ಮಾಡಿ."

ಮೊದಲನೇ ಟ್ರಿಪ್

ಸಂಜೆ ಟ್ಯಾಂಕ್ ಕೂರಿಸಿ ಕಿಕ್ ಹೊಡೆದೆ. ಮೊದಲನೆಯದಕ್ಕೇ ಸ್ಟಾರ್ಟ್! ಎರಡು ನಿಮಿಷ ಖುಷಿಯಾಗಿದ್ದೆ. ಆಗ ಆಂಟಿ ಮದುವೆಯಿಂದ ಬಂದರು, ಅಡಿಗೆಮನೆಗೆ ಹೋದರು. ಮರುದಿನ ಮಧ್ಯಾಹ್ನ ಅವರ ನೆಂಟರು ಊಟಕ್ಕೆ. ಹಂದಿ ಮಾಂಸಕ್ಕೆ ಹೇಳಿಯಾಗಿತ್ತು.

"ನನ್ನ ಕಾಚಂಪುಳಿ ಎಲ್ಲಿ?" ಅಂತ ಬಂದ ಕೂಗಿಗೆ ಕೋಳಿಗಳು ಬೇಲಿ ಹಾರಿದವು.

"ಅಂಕಲ್ ಕೊಟ್ಟರು ಆಂಟಿ, ಟ್ಯಾಂಕ್ ತೊಳೆಯೋದಕ್ಕೆ."

"ನಾನಾ?" ಅಂದರು ಅಂಕಲ್, ಕಣ್ಣು ಮಿಟುಕಿಸದೆ. "ಈ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತಲೇ ನನಗೆ ಗೊತ್ತಿಲ್ಲ."

ಆಂಟಿ ಒಂದು ಗಳಿಗೆ ಯೋಚಿಸಿ, "ಅದಂತೂ ನಿಜ," ಅಂದು ನನ್ನ ಕಡೆ ತಿರುಗಿದರು. ಆಮೇಲೆ ನನ್ನೆದುರೇ ತಮ್ಮನಿಗೆ ಫೋನ್ ಮಾಡಿದರು. ಅವರ ಕೊಡವ ಭಾಷೆಯಲ್ಲಿ ಹತ್ತು ನಿಮಿಷ. ನನಗೆ ಅರ್ಥವಾದದ್ದು 'ಟ್ಯಾಂಕ್' ಅನ್ನುವುದೊಂದೇ. ಅದನ್ನು ಎಂಟು ಸಲ ಹೇಳಿದರು. ಕೆಲಸ ಹೋಯಿತು ಅಂದುಕೊಂಡೆ.

ಆದರೂ ಸೋಮವಾರ ಹೊರಟೆ, ಇಲ್ಲ ಅನ್ನುವುದನ್ನು ಮುಖಕ್ಕೇ ಹೇಳಲಿ ಅಂತ. ಬೈಕ್ ಒಂದು ಏರಿನಲ್ಲೂ ಕೆಮ್ಮಲಿಲ್ಲ. ಏಳಕ್ಕೆ ಹತ್ತು ನಿಮಿಷ ಇರುವಾಗ ಎಸ್ಟೇಟ್ ಗೇಟಿನಲ್ಲಿದ್ದೆ. ರೈಟರ್ ಕೈಕಟ್ಟಿ ನಿಂತಿದ್ದರು.

"ಟ್ಯಾಂಕ್ ತೊಳೆದವನು ನೀನೇನಾ?"

"ಹೌದು ಸಾರ್."

ಒಳಗೆ ಹೋಗಿ ಬಂದರು. ಒಂದು ಕೈಯಲ್ಲಿ ಜೀಪಿನ ಕೀ, ಇನ್ನೊಂದರಲ್ಲಿ ಪೇಪರ್ ಸುತ್ತಿದ ಬಾಟಲಿ.

"ಕೆಲಸ ನಿನ್ನದೇ. ಮೊದಲನೇ ಟ್ರಿಪ್ ಬಾಳೆಲೆಗೆ. ಈ ಕಾಚಂಪುಳಿ ಹತ್ತು ಗಂಟೆಯೊಳಗೆ ಅಕ್ಕನ ಕೈಯಲ್ಲಿರಬೇಕು."

ಬಾಳೆಲೆಯಿಂದ ಕುಟ್ಟಕ್ಕೆ ಬರಲು ನಾನು ಪಟ್ಟ ಪಾಡು ನೆನೆದು ರಕ್ತ ತಲೆಗೇರಿತು. ಜೀಪ್ ಹತ್ತಿ ಕೀ ತಿರುಗಿಸಿದೆ. ಅದು ಕೆಮ್ಮಿತು.

ರೈಟರ್ ಕಿಟಕಿಗೆ ಬಗ್ಗಿದರು. "ಇದರ ಟ್ಯಾಂಕಲ್ಲೂ ತುಕ್ಕಿದೆ. ದಾರಿಯಲ್ಲಿ ಎಲ್ಲಿ ನಿಂತರೂ ಸರಿ, ಆ ಬಾಟಲಿ ಮುಚ್ಚಳ ಮಾತ್ರ ಮುಟ್ಟಬೇಡ."